266 ಎಂಬಿಗೆ ಒಂಬತ್ತು ರಾತ್ರಿ ಯಾಕೆ ಬೇಕಿತ್ತು? ಡಯಲ್‌ಅಪ್ ಕಾಲದ ಡೌನ್‌ಲೋಡ್ ಲೆಕ್ಕಾಚಾರ, ಹಾಸನ–ಚಿಕ್ಕಮಗಳೂರು ಕಡೆಯವರಿಗೆ

#1 ಹೊಸಲೈನ್, ಹಾಸನ

ಹಿರಿಯರಿಗೆ ನಮಸ್ಕಾರ. ಒಂದು ಲೆಕ್ಕ ತಾಳೆ ಆಗ್ತಿಲ್ಲ. ವಿಂಡೋಸ್ ಎಕ್ಸ್‌ಪಿ ಸರ್ವೀಸ್ ಪ್ಯಾಕ್ 2 (ಎಕ್ಸ್‌ಪಿಯ ರಿಪೇರಿಗಳ ಕಂತೆ) ಬಂದಿದ್ದು ಆಗಸ್ಟ್ 2004ರಲ್ಲಿ, ಪೂರ್ತಿ ಫೈಲು ಸುಮಾರು 266 ಎಂಬಿ. ಮೋಡೆಮ್, ಅಂದ್ರೆ ಫೋನ್ ಲೈನಿನಲ್ಲಿ ಇಂಟರ್ನೆಟ್ ತರೋ ಡಬ್ಬ, 56ಕೆ: ಸೆಕೆಂಡಿಗೆ 56,000 ಬಿಟ್. ಎಂಟರಿಂದ ಭಾಗಿಸಿದ್ರೆ ಸೆಕೆಂಡಿಗೆ 7 ಕೆಬಿ. 266 × 1024 ÷ 7 = 38,912 ಸೆಕೆಂಡ್, ಹನ್ನೊಂದು ಗಂಟೆಗೂ ಕಮ್ಮಿ. ರಾತ್ರಿ ಹಾಕಿ ಮಲಗಿದ್ರೆ ಬೆಳಿಗ್ಗೆ ಕಾಫಿ ಹೊತ್ತಿಗೆ ಮುಗೀಬೇಕು. ಆದ್ರೆ ಯಾರನ್ನ ಕೇಳಿದ್ರೂ "ವಾರಗಟ್ಟಲೆ" ಅಂತಾರೆ. ಇದು ಬರೀ ಬಾಯಿಮಾತಾ, ಇಲ್ಲಾ ನಾನೇ ಏನಾದ್ರೂ ಬಿಟ್ಟಿದೀನಾ?

ಕಾಲೇಜಿನ ಪ್ರದರ್ಶನಕ್ಕೆ ಬೇಕಾಗಿದೆ. "ಆ ಕಾಲ ಎಷ್ಟು ಚೆಂದ" ಅನ್ನೋದು ಇನ್ನೊಂದು ದಿನಕ್ಕಿರಲಿ. ಹೇಗೆ ಮಾಡ್ತಿದ್ರು, ಎಲ್ಲಿ ಕೈಕೊಡ್ತಿತ್ತು, ಯಾಕೆ ಅನ್ನೋದನ್ನ ಬರೀರಿ.

#2 ತಂತಿಕಂಬ, ಸಕಲೇಶಪುರ

ಭಾಗಾಕಾರ ಸರಿ ಇದೆ ತಮ್ಮ, 56 ಅನ್ನೋದು ಮಾತ್ರ ಡಬ್ಬದ ಮೇಲಿನ ನಂಬರು.

1998ರಲ್ಲಿ ಬಂದ 56ಕೆ ಮೋಡೆಮ್‌ಗಳ ವಿ.90 ಪದ್ಧತಿಗೆ ಒಂದು ಷರತ್ತಿತ್ತು. ಇಂಟರ್ನೆಟ್ ಕೊಡೋರಿಂದ ನಿಮ್ಮ ಎಕ್ಸ್‌ಚೇಂಜ್ ತನಕ ಪೂರ್ತಿ ಡಿಜಿಟಲ್ ಇರಬೇಕು, ಅನಲಾಗ್ ಆಗೋದು ಎಕ್ಸ್‌ಚೇಂಜ್‌ನಿಂದ ಮನೆಗೆ ಬರೋ ಕೊನೇ ಜೋಡಿ ತಂತಿಯಲ್ಲಿ ಮಾತ್ರ. ಎಕ್ಸ್‌ಚೇಂಜ್ ಸೆಕೆಂಡಿಗೆ 8,000 ಸಲ ದನಿಯ ಮಾದರಿ ತಗೊಳ್ಳುತ್ತೆ, ಒಂದೊಂದರಲ್ಲಿ 7 ಬಿಟ್ ತುಂಬಿದ್ರೆ 56,000. ಮಧ್ಯೆ ಇನ್ನೊಂದೇ ಒಂದು ಕಡೆ ಅನಲಾಗ್ ಆಗಿ ತಿರುಗಿ ಡಿಜಿಟಲ್ ಆದ್ರೂ ಮುಗೀತು, ಮೋಡೆಮ್ ಅದಕ್ಕೂ ಹಳೇ ಪದ್ಧತಿ ವಿ.34ಕ್ಕೆ ಇಳಿದು 33.6ರ ಒಳಗೇ ನಿಂತುಬಿಡುತ್ತೆ.

ಪೇಟೆ ಒಳಗೆ, ಎಕ್ಸ್‌ಚೇಂಜ್ ಹತ್ತಿರ ಇದ್ದೋರಿಗೆ 44ರಿಂದ 50ರ ತನಕ ಸಿಗೋದು. ಪರದೆಯ ಮೂಲೆಯಲ್ಲಿ 45,333, 49,333 ಅಂತ ಸೊಟ್ಟ ನಂಬರ್ ಬರ್ತಿತ್ತಲ್ಲ, ಅದಕ್ಕೆ ಕಾರಣ ವಿ.90ರ ಒಂದೊಂದು ಮೆಟ್ಟಿಲೂ 8,000ದ ಆರನೇ ಒಂದು ಭಾಗ, ಅಂದ್ರೆ 1,333 ಬಿಟ್. ತೋಟದ ಮನೆಗಳಿಗೆ 28.8, 31.2 ಬಂದ್ರೆ ಒಳ್ಳೇ ದಿನ.

45,333ಕ್ಕೆ ಕನೆಕ್ಟ್ ಆದ್ರೆ ಎಂಟರಿಂದ ಭಾಗಿಸಿ ಐದೂವರೆ ಕೆಬಿ. ಅದರಲ್ಲಿ ಪ್ಯಾಕೆಟ್‌ಗಳ (ಡೇಟಾ ತುಂಡುಗಳ) ವಿಳಾಸ ಹೊತ್ತ ತಲೆಪಟ್ಟಿ, ಲೈನ್ ಗಲಾಟೆಗೆ ಮತ್ತೆ ಕಳಿಸಿದ್ದು ಎಲ್ಲ ಕಳೆದು ಕೈಗೆ ಸಿಗೋದು 4.5ರಿಂದ 5. ನಿಮ್ಮ ಲೆಕ್ಕಕ್ಕೆ 4.5 ಹಾಕಿ: 60,530 ಸೆಕೆಂಡ್, ಹತ್ತಿರ ಹತ್ತಿರ 17 ಗಂಟೆ. 3 ಕೆಬಿ ಬರೋ ಲೈನಿಗೆ 25 ಗಂಟೆ.

ಉಪಗ್ರಹಗಳಿಗೆ ಆಜ್ಞೆ ಕೊಡೋ ಇಸ್ರೋದ ಕೇಂದ್ರ ಎಂಸಿಎಫ್ ಇರೋ ಜಿಲ್ಲೆ ನಮ್ದು. ಆದ್ರೂ ಕೊನೇ ಎರಡು ಕಿಲೋಮೀಟರ್ ತಾಮ್ರ ಹೇಳಿದ್ದೇ ಕಾನೂನು.

#3 ಹಳೇಮೋಡೆಮ್, ಚಿಕ್ಕಮಗಳೂರು

ಅದರ ಮೇಲೆ, 17 ಗಂಟೆ ಒಂದೇ ಸಮನೆ ಲೈನ್ ಹಿಡಿಯೋಕೆ ಯಾರು ಬಿಡ್ತಾರೆ? ಮನೆಗಿದ್ದಿದ್ದು ಒಂದೇ ಫೋನು. ಲೋಕಲ್ ಕಾಲಿಗೆ 3 ನಿಮಿಷಕ್ಕೊಂದು ಪಲ್ಸ್ (ಬಿಲ್ಲಿನ ಒಂದು ಯೂನಿಟ್), ಗಂಟೆಗೆ 20. ಅದಲ್ಲದೆ ಇಂಟರ್ನೆಟ್ ಪ್ಯಾಕಿನ ಗಂಟೆಗಳು ಬೇರೆ ಕರಗ್ತಿದ್ವು. ಮನೆಯೋರೆಲ್ಲ ಮಲಗಿದ ಮೇಲೆ ದಿನಕ್ಕೆ ಎರಡು ಗಂಟೆ ಅಂತಿಟ್ಕೊಳ್ಳಿ, 17ಕ್ಕೆ ಒಂಬತ್ತು ರಾತ್ರಿ. ವಾರ ದಾಟಿತಲ್ಲ!

ಬಿಎಸ್‌ಎನ್‌ಎಲ್‌ನ ಡಯಲ್‌ಅಪ್ ಸೇವೆ ಸಂಚಾರ್‌ನೆಟ್‌ಗೆ 172222 ಒತ್ತಬೇಕಿತ್ತು. ಹಾಸನದ ಎಸ್‌ಟಿಡಿ ಕೋಡ್ 08172 ಆಗಿರೋದ್ರಿಂದ ಅದು ಬರೀ ಹಾಸನದ ನಂಬರು ಅಂದ್ಕೊಂಡೋರಿದ್ರು. ಹಾಗೇನಿಲ್ಲ, ದೇಶಕ್ಕೆಲ್ಲ ಅದೇ.

ಇನ್ನು ಕಟ್ಟಾಗೋ ವಿಚಾರ. ಪ್ಯಾರಲಲ್ ಫೋನ್ (ಅದೇ ಲೈನಿಗೆ ಸೇರಿಸಿದ ಇನ್ನೊಂದು ಫೋನು) ಯಾರಾದ್ರೂ ಎತ್ತಿದ್ರೆ ಕಟ್. ಕಾಲ್ ವೇಟಿಂಗ್ ಇದ್ದು ಇನ್ನೊಂದು ಕರೆ ಬಂದ್ರೆ ಆ "ಟುಂಯ್" ಸದ್ದಿಗೇ ಕಟ್. ಮೊದಲನೇದಕ್ಕೆ ಒಳಗಿನ ಫೋನಿನ ಪಿನ್ ಕಿತ್ತಿಡೋದು, ಎರಡನೇದಕ್ಕೆ ಎಕ್ಸ್‌ಚೇಂಜಿಗೆ ಅರ್ಜಿ ಕೊಟ್ಟು ಕಾಲ್ ವೇಟಿಂಗ್ ತೆಗೆಸೋದು. ಅದಾಗದಿದ್ರೆ ಮೋಡೆಮ್ ಪ್ರಾಪರ್ಟೀಸ್, ಅಡ್ವಾನ್ಸ್ಡ್, ಎಕ್ಸ್‌ಟ್ರಾ ಸೆಟ್ಟಿಂಗ್ಸ್ ಜಾಗದಲ್ಲಿ ಎಸ್10=50. ಎಸ್10 ರಿಜಿಸ್ಟರ್ ಅಂದ್ರೆ ಆ ಕಡೆಯ ಸದ್ದು ಮಾಯ ಆದ್ಮೇಲೆ ಎಷ್ಟು ಹೊತ್ತು ತಾಳಬೇಕು ಅನ್ನೋದು, ಲೆಕ್ಕ ಸೆಕೆಂಡಿನ ಹತ್ತನೇ ಭಾಗದಲ್ಲಿ. ಬಹುಪಾಲು ಮೋಡೆಮ್‌ಗಳಲ್ಲಿ 14 ಇರುತ್ತೆ, ಅಂದ್ರೆ 1.4 ಸೆಕೆಂಡ್. 50 ಮಾಡಿದ್ರೆ ಐದು ಸೆಕೆಂಡ್ ತಾಳ್ಕೊಂಡು ಮತ್ತೆ ಹೊಂದಿಸ್ಕೊಳ್ಳುತ್ತೆ. ಎಲ್ಲಾ ಸಲ ಉಳಿಯಲ್ಲ, ಆದ್ರೆ ಕಮ್ಮಿ ಬೀಳುತ್ತೆ.

ಇನ್ನೊಂದು ಉಪಾಯ ಕೇಳೋಕೆ ಉಲ್ಟಾ ಅನ್ಸುತ್ತೆ. 48ಕ್ಕೆ ಕನೆಕ್ಟ್ ಆಗಿ ಹತ್ತು ನಿಮಿಷಕ್ಕೊಮ್ಮೆ ಬೀಳೋ ಲೈನಿಗಿಂತ 31.2ಕ್ಕೆ ಕನೆಕ್ಟ್ ಆಗಿ ಎರಡು ಗಂಟೆ ನಿಲ್ಲೋದು ಮೇಲು. ಎಟಿ ಅಂತ ಶುರುವಾಗೋ ಆಜ್ಞೆ ಕೊಟ್ಟು ಮೋಡೆಮ್‌ಗೇ ಕಡಿವಾಣ ಹಾಕಬಹುದು. ಕೊನೆಕ್ಸಂಟ್ ಚಿಪ್ಪಿಗೆ ಎಟಿ+ಎಂಎಸ್=ವಿ34. ಲೂಸೆಂಟ್ ಚಿಪ್ಪಿಗೆ ಎಟಿಎಸ್38=0. ಪ್ರತಿ ಮರುಡಯಲ್‌ಗೆ ಅರ್ಧ ನಿಮಿಷ ಹ್ಯಾಂಡ್‌ಶೇಕ್ (ಎರಡು ಮೋಡೆಮ್ ವೇಗ ಹೊಂದಿಸ್ಕೊಳ್ಳೋ ಕೀರಲು ಸದ್ದು), ಮೇಲೆ ಪಾಸ್‌ವರ್ಡ್ ಪರೀಕ್ಷೆ, ಜೊತೆಗೊಂದು ಹೊಸ ಪಲ್ಸ್. ಅದನ್ನೆಲ್ಲ ಕೂಡಿಸಿ ನೋಡಿದ್ರೆ ನಿಧಾನದ ಲೈನೇ ಗೆಲ್ಲುತ್ತೆ.

#4 ಹೊಸಲೈನ್, ಹಾಸನ

ಕಟ್ಟಾದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕಿತ್ತಾ ಸಾರ್?

#5 ಆಲ್ದೂರಕ್ಕ, ಚಿಕ್ಕಮಗಳೂರು ತಾಲ್ಲೂಕು

ನಿಜವಾದ ಕಸುಬು ಇದ್ದಿದ್ದೇ ಅಲ್ಲಿ. ಬಂದಷ್ಟನ್ನ ಉಳಿಸ್ಕೊಳ್ಳೋದು ಗೊತ್ತಿದ್ದೋರಿಗೆ 3 ಕೆಬಿಯಲ್ಲೂ ಫೈಲ್ ಮುಗೀತಿತ್ತು.

ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ನೇರ ಒತ್ತಿದ್ರೆ ಎರಡು ತೊಂದರೆ. ಫೈಲ್ ಮೊದಲು ಸಿ ಡ್ರೈವ್‌ನ ಟೆಂಪರರಿ ಇಂಟರ್ನೆಟ್ ಫೈಲ್ಸ್‌ಗೆ ಇಳಿಯುತ್ತೆ, ಮುಗಿದ ಮೇಲೆ ನೀವು ಹೇಳಿದ ಜಾಗಕ್ಕೆ ನಕಲಾಗುತ್ತೆ. ಹಾಗಾಗಿ ಡಿ ಡ್ರೈವ್‌ನಲ್ಲಿ ಎಷ್ಟು ಜಾಗ ಇದ್ರೂ ಸಿ ತುಂಬಿದ್ರೆ ಕಥೆ ಮುಗೀತು. ಎರಡನೇದು, ನಡುವೆ ಲೈನ್ ಬಿದ್ರೆ ಎಷ್ಟೋ ಸಲ ಅದನ್ನೇ "ಮುಗೀತು" ಅಂತ ತಿಳ್ಕೊಂಡು ಅರ್ಧ ಫೈಲನ್ನೇ ಪೂರ್ತಿ ಅಂತ ಕೊಟ್ಟುಬಿಡ್ತಿತ್ತು. ಅದಕ್ಕೇ ಪುಟದಲ್ಲಿ ಬರೆದಿರೋ ಬೈಟ್ ಲೆಕ್ಕವನ್ನ ಚೀಟೀಲಿ ಬರ್ಕೊಂಡು ತಾಳೆ ನೋಡೋ ಅಭ್ಯಾಸ.

ಗೆಟ್‌ರೈಟ್, ಫ್ಲ್ಯಾಶ್‌ಗೆಟ್, ಡ್ಯಾಪ್ (ಡೌನ್‌ಲೋಡ್ ಆಕ್ಸಿಲರೇಟರ್ ಪ್ಲಸ್), ಲಿನಕ್ಸ್‌ನಲ್ಲಿ ಡಬ್ಲ್ಯೂಗೆಟ್ ಮೈನಸ್ ಸಿ, ಈ ಡೌನ್‌ಲೋಡ್ ಮ್ಯಾನೇಜರ್‌ಗಳೆಲ್ಲ ಮಾಡೋದು ಒಂದೇ ಕೆಲಸ. ಡಿಸ್ಕಿನಲ್ಲಿ ಎಷ್ಟಿದೆ ಅಂತ ನೋಡಿ ಸರ್ವರಿಗೆ "ಇಷ್ಟನೇ ಬೈಟಿನಿಂದ ಕೊಡು" ಅನ್ನೋದು. ಎಚ್‌ಟಿಟಿಪಿ 1.1ರಲ್ಲಿ ಇದಕ್ಕೆ ರೇಂಜ್ ಅನ್ನೋ ಸಾಲು, ಎಫ್‌ಟಿಪಿಯಲ್ಲಿ ರೆಸ್ಟ್ ಅನ್ನೋ ಆಜ್ಞೆ. ಸರ್ವರ್ ಒಪ್ಪಿದ್ರೆ ಉತ್ತರ 206. ಒಪ್ಪದೆ ಇದ್ರೆ ಉತ್ತರ 200, ಅಂದ್ರೆ ಮೊದಲಿಂದ ಕಳಿಸ್ತಾ ಇದೆ ಅಂತ. ಲಾಗ್ ನೋಡ್ತಾ ಇದ್ದೋರು 200 ಕಂಡ ಕೂಡ್ಲೆ ನಿಲ್ಲಿಸಿ ಬೇರೆ ಮಿರರ್ (ಅದೇ ಫೈಲಿನ ನಕಲು ಇಟ್ಟಿರೋ ಇನ್ನೊಂದು ಸರ್ವರ್) ಹುಡುಕೋರು. ಬುದ್ಧಿವಂತಿಕೆ ಅಂದ್ರೆ ಫೈಲು 50 ಕೆಬಿ ಬಂದಾಗಲೇ ಬೇಕಂತ ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿ, 206 ಬರುತ್ತಾ ಅಂತ ನೋಡೋದು. 200 ಎಂಬಿ ಆದ್ಮೇಲೆ ಗೊತ್ತಾಗಿ ಏನು ಪ್ರಯೋಜನ?

ರೆಸ್ಯೂಮ್ ಆದ್ರೂ ಫೈಲ್ ಕೆಡೋದಕ್ಕೆ ಕಾರಣಗಳಿವೆ:

ಸಂಪರ್ಕ ಬೀಳೋ ಹೊತ್ತಿಗೆ ನಡುವಿನ ಪ್ರಾಕ್ಸಿ (ನಿಮ್ಮ ಪರವಾಗಿ ಫೈಲ್ ತರೋ ಮಧ್ಯವರ್ತಿ ಸರ್ವರ್) ಒಂದು ಎರರ್ ಪುಟ ಕಳಿಸುತ್ತೆ, ಅದು ಫೈಲಿನ ಬಾಲಕ್ಕೆ ಅಂಟ್ಕೊಳ್ಳುತ್ತೆ. ಮುಂದಿನ ಸಲ ಆ ಕಸದ ಮೇಲೇ ಮುಂದುವರಿಯುತ್ತೆ. ಗೆಟ್‌ರೈಟ್‌ನಲ್ಲಿ ರೋಲ್‌ಬ್ಯಾಕ್ ಅಂತ ಇದ್ದಿದ್ದು ಇದಕ್ಕೇ, ಕೊನೇ ಕೆಲವು ಕೆಬಿ ಕತ್ತರಿಸಿ ಹಿಂದಿನಿಂದ ಶುರು ಮಾಡುತ್ತೆ.

ಎಫ್‌ಟಿಪಿಯನ್ನ ಆಸ್ಕಿ ಮೋಡ್‌ನಲ್ಲಿ (ಬರೀ ಪಠ್ಯಕ್ಕಿರೋ ಮೋಡ್) ಬಿಟ್ಟಿದ್ರೆ ಸಾಲು ಮುಗಿಯೋ ಗುರುತನ್ನ ವಿಂಡೋಸ್‌ಗೆ ತಕ್ಕಂತೆ ಬದಲಾಯಿಸ್ತಾ ಹೋಗುತ್ತೆ, ಜಿಪ್ ಫೈಲ್ ಹಾಳು. ಗಾತ್ರ ಬರೆದಿದ್ದಕ್ಕಿಂತ ಚೂರು ಹೆಚ್ಚಿದ್ರೆ ಇದೇ ರೋಗ ಅಂತ ತಿಳೀರಿ. ಬೈನರಿ ಅಂತ ಒಂದು ಪದ ಮೊದಲೇ ಹೊಡೀಬೇಕು.

ಮೂರನೇದು ಕರೆಂಟು. ಎಣಿಸದೆ ಹೋಗುತ್ತೆ, ವಿಂಡೋಸ್ 98 ಆದ್ರೆ ಎದ್ದ ಮೇಲೆ ಸ್ಕ್ಯಾನ್‌ಡಿಸ್ಕ್ ಓಡಿ ನಿಮ್ಮ ಅರ್ಧ ಫೈಲನ್ನ ಫೈಲ್0000.ಸಿಎಚ್‌ಕೆ ಅಂತ ಮಾಡಿ ಮೂಲೇಲಿ ಇಟ್ಟಿರುತ್ತೆ. 600 ವಿಎ ಯುಪಿಎಸ್ ಇದ್ರೆ ಮೊದಲು ಮಾನಿಟರ್ ಆಫ್ ಮಾಡಿ, ದೊಡ್ಡ ಗಾಜಿನ ಮಾನಿಟರೇ ಹೆಚ್ಚು ತಿನ್ನೋದು. ಎಕ್ಸ್‌ಟರ್ನಲ್ ಮೋಡೆಮ್‌ನ ಅಡಾಪ್ಟರ್ ಕೂಡ ಯುಪಿಎಸ್‌ಗೇ ಚುಚ್ಚಿರಬೇಕು. ಇದನ್ನ ಮರೆತೋರು ಬಹಳ: ಕಂಪ್ಯೂಟರ್ ಉಳೀತು, ಲೈನ್ ಹೋಯ್ತು.

#6 ಅರಸೀಕೆರೆ ಜಂಕ್ಷನ್

ಡ್ಯಾಪ್ ಹಾಕಿ ಎಂಟು ಕನೆಕ್ಷನ್ ಕೊಟ್ರೆ ಸರ್ ಅಂತ ಇಳಿಯೋದು. ಅದನ್ನ ಯಾರೂ ಹೇಳಲೇ ಇಲ್ವಲ್ಲ?

#7 ಆಲ್ದೂರಕ್ಕ, ಚಿಕ್ಕಮಗಳೂರು ತಾಲ್ಲೂಕು

ಜಂಕ್ಷನ್ ಅವರೆ, ಡಯಲ್‌ಅಪ್‌ನಲ್ಲಿ ಅದು ಭ್ರಮೆ. ಇಕ್ಕಟ್ಟು ಇರೋದು ನಿಮ್ಮ ಫೋನ್ ತಂತೀಲಿ. ವಿಂಡೋಸ್ 98 ಒಂದು ಕನೆಕ್ಷನ್‌ಗೆ ಸುಮಾರು 8 ಕೆಬಿ ಕಿಟಕಿ ತೆರೆದಿಡುತ್ತೆ, ಅಷ್ಟನ್ನ ಕಳಿಸಿ "ಸಿಕ್ತು" ಅನ್ನೋ ಉತ್ತರಕ್ಕೆ ಸರ್ವರ್ ಕಾಯುತ್ತೆ. ಹೋಗಿ ಬರೋಕೆ ಡಯಲ್‌ಅಪ್‌ನಲ್ಲಿ 0.6 ಸೆಕೆಂಡ್ ಅಂದ್ರೂ ಸೆಕೆಂಡಿಗೆ 13 ಕೆಬಿ ಆಯ್ತು. ನಿಮ್ಮ ತಂತಿಗೆ ಹೊರೋಕಾಗೋದೇ 5. ಒಂದೇ ಕನೆಕ್ಷನ್ ಸಾಕು, ಎಂಟು ಕೊಟ್ರೆ ಎಂಟಕ್ಕೂ 600 ಬೈಟ್ ಹಂಚ್ತೀರಿ ಅಷ್ಟೆ. ಎಲ್ಲೋ ಒಂದು ಸರ್ವರ್ ಪ್ರತಿ ಕನೆಕ್ಷನ್‌ಗೆ 2 ಕೆಬಿ ಅಂತ ಮಿತಿ ಹಾಕಿದ್ರೆ ಮಾತ್ರ ಎರಡೋ ಮೂರೋ ಕೊಟ್ಟು ಲಾಭ.

ಬ್ರಾಡ್‌ಬ್ಯಾಂಡ್‌ನಲ್ಲಿ ನಿಮ್ಮ ಮಾತು ನಿಜ. ಅಮೆರಿಕದ ಸರ್ವರಿಗೆ ಹೋಗಿ ಬರೋಕೆ 0.35 ಸೆಕೆಂಡ್, 8 ಕೆಬಿ ಕಿಟಕಿ ಅಂದ್ರೆ 23 ಕೆಬಿ ಮೀರಲ್ಲ, 256 ಕೆಬಿಪಿಎಸ್ ಲೈನ್ ತುಂಬಲ್ಲ. ಎಕ್ಸ್‌ಪಿಯಲ್ಲಿ ಸಾಮಾನ್ಯವಾಗಿ ಕಿಟಕಿ 17,520 ಬೈಟ್, ಸುಮಾರು 50 ಕೆಬಿ ತನಕ ಏಳುತ್ತೆ. 2 ಎಂಬಿಪಿಎಸ್ ಲೈನ್ ಬಂದ್ಮೇಲೆ ಅದೂ ಸಾಲದು, ಆಗ ನಾಲ್ಕೈದು ಕನೆಕ್ಷನ್ ಬೇಕೇ ಬೇಕು.

ಇನ್ನೊಂದು ಅಪಾಯ ಇದೆ. ಎಂಟು ತುಂಡಾಗಿ ಇಳಿಸಿದ ಫೈಲ್ ಮೊದಲ ದಿನವೇ ಪೂರ್ತಿ ಗಾತ್ರ ತೋರಿಸುತ್ತೆ, ಒಳಗೆಲ್ಲ ತೂತು. ಯಾವ ತುಂಡು ಎಲ್ಲಿಗೆ ಬಂದಿದೆ ಅನ್ನೋ ಪಟ್ಟಿ ಆ ಮ್ಯಾನೇಜರ್ ಹತ್ರ ಮಾತ್ರ. ವಿಂಡೋಸ್ ಹೋಗಿ ಹೊಸದಾಗಿ ಹಾಕಿದ್ರೆ ಪಟ್ಟಿ ಹೋಯ್ತು, ಫೈಲೂ ಹೋಯ್ತು. ಒಂದೇ ಕನೆಕ್ಷನ್‌ನಲ್ಲಿ ಇಳಿಸಿದ್ದಾದ್ರೆ ಬಾಲ ಎಲ್ಲಿದೆಯೋ ಅಲ್ಲಿಂದ ಬೇರೆ ಯಾವ ಪ್ರೋಗ್ರಾಮೂ ಮುಂದುವರಿಸುತ್ತೆ.

#8 ಅರಸೀಕೆರೆ ಜಂಕ್ಷನ್

ಒಪ್ಪಿದೆ ಅಕ್ಕ. ಆದ್ರೂ ಡ್ಯಾಪ್ ತೋರಿಸ್ತಿದ್ದ ಆ ಎಂಟು ಪಟ್ಟಿ ನೋಡೋಕೆ ಚೆನ್ನಾಗಿತ್ತು ಬಿಡಿ, ಜಾಹೀರಾತು ಸಮೇತ.

#9 ತಂತಿಕಂಬ, ಸಕಲೇಶಪುರ

ಎಲ್ಲಾ ಸಾಫ್ಟ್‌ವೇರ್ ಕಡೆಗೇ ಹೋಯ್ತು. ಮಲೆನಾಡಲ್ಲಿ ಅರ್ಧ ಕಾಯಿಲೆ ಲೈನಿಂದು. ಪ್ರದರ್ಶನದಲ್ಲಿ ಇದನ್ನೂ ಹಾಕಿ.

ಮೊದಲು ಕಿವಿಯಲ್ಲಿ ಪರೀಕ್ಷೆ. ರಿಸೀವರ್ ಎತ್ತಿ ಯಾವುದಾದ್ರೂ ಒಂದು ಅಂಕಿ ಒತ್ತಿ, ಡಯಲ್ ಟೋನ್ ನಿಲ್ಲುತ್ತೆ, ಆ ನಿಶ್ಶಬ್ದದಲ್ಲಿ ಕೇಳಿ. ಗುಂಯ್ ಅಂತ ಒಂದೇ ಸಮ ಇದ್ರೆ ಎರಡು ತಂತಿಯಲ್ಲಿ ಒಂದು ಎಲ್ಲೋ ನೆಲಕ್ಕೆ ಸೋರ್ತಿದೆ. ಚಟಪಟ ಅಂದ್ರೆ ಜಾಯಿಂಟ್ ಸಡಿಲ, ಇಲ್ಲಾ ಹಸಿರುಗಟ್ಟಿದೆ. ಬೇರೆಯವರ ಮಾತು ಸಣ್ಣಗೆ ಕೇಳಿದ್ರೆ ಕೇಬಲ್ ಒಳಗೆ ನೀರು. ಚಟಪಟ ನೀವೇ ಸರಿ ಮಾಡಬಹುದು: ಗೋಡೆ ಮೇಲೆ ಫೋನ್ ತಂತಿ ಸೇರೋ ರೋಸೆಟ್ ಬಾಕ್ಸ್ ಬಿಚ್ಚಿ, ತಂತಿಯ ತುದಿ ಕತ್ತರಿಸಿ ಹೊಸ ತಾಮ್ರ ಹೊರಗೆ ತಂದು ಸ್ಕ್ರೂ ಬಿಗಿ ಮಾಡಿ, ಮೇಲೆ ಚೂರು ವ್ಯಾಸಲೀನ್. ಉಳಿದೆರಡು ಲೈನ್‌ಮನ್ ಕೆಲಸ.

ಕಂಬದಿಂದ ಮನೆಗೆ ಬರೋ ಡ್ರಾಪ್ ವೈರ್ ಸಿಲ್ವರ್ ಓಕ್ ಮರಗಳ ನಡುವೆ ಹೋಗಿದ್ರೆ ಗಾಳಿಗೆ ಕೊಂಬೆ ಉಜ್ಜಿ ಹೊದಿಕೆ ಸವೆಯುತ್ತೆ. ಬೇಸಿಗೇಲಿ ಏನೂ ಗೊತ್ತಾಗಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಕೂಡ್ಲೆ 44 ಇದ್ದಿದ್ದು 26ಕ್ಕೆ ಇಳಿಯುತ್ತೆ. ಮನೆ ಒಳಗೆ ಆ ಚಪ್ಪಟೆ ವೈರನ್ನ ಉದ್ದಕ್ಕೆ ಎಳೀಬೇಡಿ, ಅದರಲ್ಲಿ ಹುರಿ ಇಲ್ಲ, ಪಕ್ಕದ ಕರೆಂಟ್ ವೈರಿನ ಗುಂಯ್ ಎಲ್ಲ ಎಳ್ಕೊಳ್ಳುತ್ತೆ. ಹುರಿಯಾದ ಜೋಡಿ ತಂತಿಯನ್ನ ಮೋಡೆಮ್ ಹತ್ತಿರದ ತನಕ ತಂದು, ಚಪ್ಪಟೆ ವೈರ್ ಕೊನೇ ಒಂದು ಮೀಟರ್ ಮಾತ್ರ.

ಆಲೂರು, ಸಕಲೇಶಪುರ ಕಡೆಯೋರಿಗೆ ಮಾತ್ರ ಗೊತ್ತಿರೋ ರೋಗ ಒಂದಿದೆ: ಆನೆ ಬೇಲಿ. ಸೋಲಾರ್ ಬೇಲಿಯ ಎನರ್ಜೈಸರ್ ಸೆಕೆಂಡಿಗೋ ಒಂದೂವರೆ ಸೆಕೆಂಡಿಗೋ ಒಂದು ಏಟು ಬಿಡುತ್ತೆ. ಬೇಲಿ ಪಕ್ಕದಲ್ಲೇ ಸಮಾನಾಂತರವಾಗಿ ಫೋನ್ ತಂತಿ ಹೋಗಿದ್ರೆ ಟಕ್, ಟಕ್, ಟಕ್. ಮಾತಾಡೋರಿಗೆ ಬರೀ ಕಿರಿಕಿರಿ, ಮೋಡೆಮ್‌ಗೆ ಪ್ರತಿ ಟಕ್ಕಿಗೂ ಒಂದು ಪ್ಯಾಕೆಟ್ ಹಾಳು. ತಂತಿಯನ್ನ ಬೇಲಿಗೆ ಅಡ್ಡಡ್ಡ ದಾಟಿಸ್ಬೇಕು, ಬೇಲಿಯ ಅರ್ತ್ ಸರಳು ಫೋನಿನ ಅರ್ತ್‌ನಿಂದ ಹತ್ತು ಮೀಟರಾದ್ರೂ ದೂರ ಇರಬೇಕು, ಬೇಲಿಗೆ ತಾಗಿರೋ ಹುಲ್ಲು ಸವರಬೇಕು. ಹುಲ್ಲಿಗೆ ಕಿಡಿ ಹಾರಿದ್ರೆ ಸದ್ದು ಇಮ್ಮಡಿ.

ಸಿಡಿಲು ಬೇರೆ ಕಥೆ. ಏಪ್ರಿಲ್, ಮೇ ಸಂಜೆ ಗುಡುಗು ಕೇಳಿದ್ರೆ ಪ್ಲಗ್ ಒಂದೇ ಕಿತ್ರೆ ಸಾಲದು, ಫೋನ್ ಪಿನ್ನೂ ಕೀಳಬೇಕು. ಏಟು ಬರೋದು ಹೆಚ್ಚಾಗಿ ಲೈನ್ ಕಡೆಯಿಂದ. ಸತ್ತಿದೆಯಾ ಅಂತ ನೋಡೋಕೆ ಹೈಪರ್‌ಟರ್ಮಿನಲ್ (ಮೋಡೆಮ್‌ಗೆ ನೇರ ಆಜ್ಞೆ ಕೊಡೋ ವಿಂಡೋಸ್ ಪ್ರೋಗ್ರಾಮ್) ತೆಗೆದು ಎಟಿ ಅಂತ ಹೊಡೀರಿ. ಓಕೆ ಅಂದು, ಡಯಲ್ ಮಾಡಿದಾಗ "ನೋ ಡಯಲ್‌ಟೋನ್" ಅಂದ್ರೆ ಲೈನ್ ಕಡೆಯ ಭಾಗ ಸುಟ್ಟಿದೆ. ಅದೇ ಪಿನ್ನಿಗೆ ಫೋನ್ ಹಾಕಿದಾಗ ಟೋನ್ ಕೇಳ್ಬೇಕು, ಆಗ ಖಾತ್ರಿ. ಎಟಿಗೂ ಉತ್ತರ ಇಲ್ಲದಿದ್ರೆ ಪೂರ್ತಿ ಹೋಗಿದೆ.

#10 ಕೊಪ್ಪದ ಮಳೆ

ಮಾರಾಯ್ರೆ, ಸರ್ವೀಸ್ ಪ್ಯಾಕ್ ಬಿಡಿ, ಲಿನಕ್ಸ್ ಸಿಡಿಯ ಲೆಕ್ಕ ಹಾಕಿ. 700 ಎಂಬಿ, 4.5 ಕೆಬಿಯಲ್ಲಿ 44 ಗಂಟೆ. ರೆಡ್ ಹ್ಯಾಟ್ 9 ಅಂದ್ರೆ ಅಂಥವು ಮೂರು. ಅದಕ್ಕೇ ಯಾರೂ ಡಯಲ್‌ಅಪ್‌ನಲ್ಲಿ ಇಳಿಸ್ತಿರಲಿಲ್ಲ. ಪಿಸಿಕ್ವೆಸ್ಟ್, ಚಿಪ್, ಡಿಜಿಟ್ ಪತ್ರಿಕೆ ಜೊತೆ ಬರೋ ಸಿಡಿ, ಇಲ್ಲಾ ಉಬುಂಟುವಿನ ಶಿಪ್‌ಇಟ್. ವಿಳಾಸ ಕೊಟ್ರೆ ಬಿಟ್ಟಿಯಾಗಿ ಸಿಡಿ ಪೋಸ್ಟಿನಲ್ಲಿ ಬರ್ತಿತ್ತು, 2011ರಲ್ಲಿ ನಿಲ್ಸಿದ್ರು. ನಾಲ್ಕೈದು ವಾರ ತಗೊಂಡ್ರೂ ಫೋನ್ ಬಿಲ್ಲಿಗಿಂತ ಅದೇ ಲೇಸು.

ಇಳಿಸಲೇಬೇಕು ಅಂದೋರಿಗೆ ಒಂದು ಮಾತು: ಎಂಡಿ5 ಮೊತ್ತ (ಫೈಲ್ ಸರಿಯಿದೆಯಾ ಅಂತ ತಾಳೆ ನೋಡೋ ಅಂಕಿ) ನೋಡದೆ ಸಿಡಿ ಬರೀಬೇಡಿ. ತಾಳೆ ಆಗದಿದ್ರೆ ಫೈಲ್ ಬಿಸಾಡೋದೂ ಬೇಡ. 700 ಎಂಬಿಯಲ್ಲಿ ಕೆಟ್ಟಿರೋದು ಎಲ್ಲೋ ಒಂದೆರಡು ಕಡೆ. ಅದೇ ಹೆಸರಿನಲ್ಲಿಟ್ಟು ಆರ್‌ಸಿಂಕ್ ಕೊಡೋ ಮಿರರ್‌ಗೆ ಹೋಗಿ. ಅದು ಫೈಲನ್ನ ಸಣ್ಣ ಸಣ್ಣ ತುಂಡು ಮಾಡಿ ಪ್ರತಿಯೊಂದರ ಮೊತ್ತ ಹೋಲಿಸುತ್ತೆ, ಹೊಂದದ ತುಂಡನ್ನ ಮಾತ್ರ ತರುತ್ತೆ. ಕೆಲವು ನೂರು ಕೆಬಿ ಲೆಕ್ಕಪತ್ರದಲ್ಲಿ ಕೆಲಸ ಮುಗೀತದೆ. ಆರ್‌ಸಿಂಕ್ ಇಲ್ಲದಿದ್ರೆ ಬಿಟ್‌ಟೊರೆಂಟ್: ಅದೇ ಐಎಸ್‌ಒದ (ಸಿಡಿಯ ಪಡಿಯಚ್ಚು ಫೈಲಿನ) ಟೊರೆಂಟ್ ತೆಗೆದು ಕೆಟ್ಟ ಫೈಲನ್ನ ಅದರ ಜಾಗಕ್ಕಿಟ್ಟು "ರೀಚೆಕ್" ಕೊಡಿ. 99.7 ಅಂತ ತೋರಿಸಿ ಉಳಿದದ್ದನ್ನ ಮಾತ್ರ ಎಳೀತದೆ. ಇವತ್ತಿಗೂ ನಡೀತದೆ ಇದು.

#11 ಬಿಎಂರೋಡ್ ಸೈಬರ್, ಹಾಸನ

ಕೆಫೆ ಕಡೆಯ ಲೆಕ್ಕ ಯಾರೂ ಹೇಳ್ಲಿಲ್ಲ. 64 ಕೆಬಿಪಿಎಸ್ ಲೈನಿಗೆ ಎಂಟು ಸಿಸ್ಟಮ್ ಅಂದ್ರೆ ಒಂದಕ್ಕೆ 1 ಕೆಬಿ. ಒಬ್ಬ ಡೌನ್‌ಲೋಡ್ ಹಾಕಿದ್ರೆ ಉಳಿದ ಏಳೂ ಮಂದಿ ಕೌಂಟರ್ ಕಡೆ ತಿರುಗಿ ನೋಡೋರು. ಸ್ಕ್ವಿಡ್ ಪ್ರಾಕ್ಸಿ ಹಾಕಿದ್ರೆ ಎರಡನೇ ಸಲ ಅದೇ ಫೈಲ್ ಕೇಳಿದೋನಿಗೆ ಒಳಗಿಂದಲೇ ಸಿಗುತ್ತೆ, ಆದ್ರೆ ಹಾಗೇ ಬಿಟ್ರೆ 4 ಎಂಬಿಗಿಂತ ದೊಡ್ಡ ಫೈಲನ್ನ ಇಟ್ಕೊಳ್ಳಲ್ಲ. ಮ್ಯಾಕ್ಸಿಮಮ್ ಆಬ್ಜೆಕ್ಟ್ ಸೈಜ್ ಏರಿಸ್ಬೇಕು. ಹಾಗಂತ ರೇಂಜ್ ಆಫ್‌ಸೆಟ್ ಲಿಮಿಟ್ ಅನ್ನೋದನ್ನ ಮೈನಸ್ 1 ಮಾಡಿದ್ರೆ ಕೆಟ್ಟಿರಿ. ಗಿರಾಕಿ 8 ಎಂಬಿಯಿಂದ ರೆಸ್ಯೂಮ್ ಕೇಳಿದ್ರೆ ಪ್ರಾಕ್ಸಿ ಮೊದಲ ಬೈಟಿಂದ ಎಳೆಯುತ್ತೆ, ಅಲ್ಲೀತನಕ ಅವನ ಪರದೆ ಮೇಲೆ ಸೊನ್ನೆ.

ಮನೆಗೆ ತಗೊಂಡು ಹೋಗೋದು ಫ್ಲಾಪಿಯಲ್ಲಿ. 1.44 ಅಂತ ಬರೆದಿದ್ರೂ ತುಂಬೋದು 1,457,664 ಬೈಟ್. 10 ಎಂಬಿ ಡ್ರೈವರ್‌ಗೆ ಎಂಟು ಫ್ಲಾಪಿ. ವಿನ್‌ರಾರ್‌ನಲ್ಲಿ ಆ ಗಾತ್ರಕ್ಕೆ ಕತ್ತರಿಸಿ. ಎಂಟರಲ್ಲಿ ಆರನೇದು ಮನೇಲಿ ಓದದೇ ಇರೋದು ನಿಯಮ ಅನ್ನೋ ಹಾಗಿತ್ತು. ವಿನ್‌ರಾರ್ 3ರಿಂದ ರಿಕವರಿ ವಾಲ್ಯೂಮ್ ಬಂತು, ಒಂಬತ್ತನೇ ಫ್ಲಾಪಿಗೆ ಒಂದು .ರೆವ್ ಫೈಲ್ ಹಾಕಿದ್ರೆ ಎಂಟರಲ್ಲಿ ಯಾವುದೇ ಒಂದು ಕೆಟ್ರೂ ಮತ್ತೆ ಕಟ್ಟಿಕೊಡುತ್ತೆ. ಎರಡು ಕೆಟ್ರೆ ಇಲ್ಲ, ಅದಕ್ಕೆ ಎರಡು .ರೆವ್ ಬೇಕು.

#12 ಹಳೇಮೋಡೆಮ್, ಚಿಕ್ಕಮಗಳೂರು

ಮರೆತಿದ್ದೆ. ಆಗಸ್ಟ್ 2003ರ ಬ್ಲಾಸ್ಟರ್ ವರ್ಮ್, ನೆಟ್‌ನಲ್ಲಿ ತಾನಾಗೇ ಹರಡೋ ವೈರಸ್. ಎಕ್ಸ್‌ಪಿ ಹಾಕಿ ಡಯಲ್ ಮಾಡಿದ ಕೆಲವೇ ನಿಮಿಷಕ್ಕೆ ಒಳಗೆ ನುಗ್ಗಿ 60 ಸೆಕೆಂಡಿನ ಕ್ಷಣಗಣನೆ ತೋರಿಸಿ ರೀಸ್ಟಾರ್ಟ್ ಮಾಡ್ತಿತ್ತು. ಪರಿಹಾರದ ಪ್ಯಾಚ್ ಒಂದೆರಡು ಎಂಬಿಯ ಒಳಗೇ, ಆದ್ರೆ ಡಯಲ್‌ಅಪ್‌ನಲ್ಲಿ ಅಷ್ಟು ಇಳಿಯೋಕೂ ಐದಾರು ನಿಮಿಷ. ರನ್‌ನಲ್ಲಿ ಶಟ್‌ಡೌನ್ ಮೈನಸ್ ಎ ಹೊಡೆದ್ರೆ ಗಣನೆ ನಿಲ್ಲುತ್ತೆ. ಅದಕ್ಕಿಂತ ಮೊದಲೇ, ಡಯಲ್ ಮಾಡೋಕೆ ಮುಂಚೆ, ಕನೆಕ್ಷನ್ ಪ್ರಾಪರ್ಟೀಸ್‌ನಲ್ಲಿ ಎಕ್ಸ್‌ಪಿಯದೇ ಫೈರ್‌ವಾಲ್ ಟಿಕ್ ಮಾಡ್ಬೇಕು. ಸರ್ವೀಸ್ ಪ್ಯಾಕ್ 2 ಹಾಕಿದ್ರೆ ಅದು ತಾನಾಗೇ ಆನ್. ಜನ ಆ 266 ಎಂಬಿಗೆ ಅಷ್ಟು ಒದ್ದಾಡಿದ್ದಕ್ಕೆ ಇದೂ ಒಂದು ಕಾರಣ.

#13 ಅರಸೀಕೆರೆ ಜಂಕ್ಷನ್

ಬ್ರಾಡ್‌ಬ್ಯಾಂಡ್ ಭಾಗ ನಾನು ಹೇಳ್ತೀನಿ. ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಡೇಟಾಒನ್ ಬಂದಿದ್ದು 2005ರ ಜನವರಿಯಲ್ಲಿ. ಹೋಮ್ 500 ಪ್ಲಾನಿನಲ್ಲಿ ಹಗಲು ಮಿತಿ, ರಾತ್ರಿ 2ರಿಂದ ಬೆಳಿಗ್ಗೆ 8 ಲೆಕ್ಕಕ್ಕಿರಲಿಲ್ಲ. ಬಿಲ್ಲಿಂಗ್ ಸರ್ವರ್ ಗಡಿಯಾರವೂ ನಿಮ್ಮ ಗಡಿಯಾರವೂ ಒಂದೇ ಇರ್ತಿರಲಿಲ್ಲ, ಅದಕ್ಕೆ ತಿಳಿದೋರು 2:15ಕ್ಕೆ ಶುರು ಮಾಡಿ 7:45ಕ್ಕೆ ನಿಲ್ಸೋರು. ಐದೂವರೆ ಗಂಟೆ, 256 ಕೆಬಿಪಿಎಸ್‌ನಲ್ಲಿ 29 ಕೆಬಿ, ರಾತ್ರಿಗೆ 560 ಎಂಬಿ. ಒಂದು ಸಿಡಿಗೆ ಚೂರು ಕಮ್ಮಿ! 2007ರಲ್ಲಿ 2 ಎಂಬಿಪಿಎಸ್ ಆದ್ಮೇಲೆ ಅದೇ ಹೊತ್ತಲ್ಲಿ 4 ಜಿಬಿ ದಾಟೋದು.

ಎದ್ದು ಕೂರೋದು ಬೇಡ ಅಂದ್ರೆ ಮೋಡೆಮ್‌ನ ಬ್ರಿಡ್ಜ್ ಮೋಡ್‌ಗೆ (ಮೋಡೆಮ್ ತಾನೇ ಲಾಗಿನ್ ಆಗದೆ ಲೈನನ್ನ ಕಂಪ್ಯೂಟರಿಗೆ ಬಿಟ್ಟುಕೊಡೋದು) ಹಾಕ್ಬೇಕಿತ್ತು, ಸೆಟ್ಟಿಂಗ್ ವಿಪಿಐ 0, ವಿಸಿಐ 35. ಪಿಪಿಪಿಓಇ ಡಯಲ್, ಅಂದ್ರೆ ಬ್ರಾಡ್‌ಬ್ಯಾಂಡ್ ಲಾಗಿನ್, ಕಂಪ್ಯೂಟರಿಂದ. ಆಮೇಲೆ ಶೆಡ್ಯೂಲ್ಡ್ ಟಾಸ್ಕ್ಸ್‌ನಲ್ಲಿ ಎರಡು ಕೆಲಸ: 2:15ಕ್ಕೆ ರಾಸ್‌ಡಯಲ್, ಕನೆಕ್ಷನ್ ಹೆಸರು, ಯೂಸರ್, ಪಾಸ್‌ವರ್ಡ್, 7:45ಕ್ಕೆ ರಾಸ್‌ಡಯಲ್ /ಡಿಸ್ಕನೆಕ್ಟ್. ರೂಟರ್ ಮೋಡ್‌ನಲ್ಲೇ ಬಿಟ್ರೆ ಮೋಡೆಮ್ ತಾನೇ ಲೈನ್ ಹಿಡ್ಕೊಂಡಿರುತ್ತೆ, ಟೊರೆಂಟ್ ಎಂಟರ ಮೇಲೂ ಓಡುತ್ತೆ, ಆ ತಿಂಗಳ ಬಿಲ್ ನೋಡೋಕಾಗಲ್ಲ.

ದೊಡ್ಡ ಫೈಲ್ 4 ಜಿಬಿ ಹತ್ರ ಬಂದು ನಿಂತುಬಿಟ್ರೆ ಲೈನ್ ಬೈಬೇಡಿ, ಎಫ್‌ಎಟಿ32 ಡ್ರೈವ್ ಅಷ್ಟೇ ಹಿಡಿಯೋದು. ಕನ್ವರ್ಟ್ ಡಿ: /ಎಫ್‌ಎಸ್:ಎನ್‌ಟಿಎಫ್‌ಎಸ್, ಒಳಗಿರೋದು ಉಳಿಯುತ್ತೆ. ಫೋನ್ ರಿಂಗ್ ಆದಾಗೆಲ್ಲ ಎಡಿಎಸ್‌ಎಲ್ ಬಿದ್ರೆ ಯಾವುದೋ ಪ್ಯಾರಲಲ್ ಫೋನ್ ಸ್ಪ್ಲಿಟರ್‌ಗೆ (ದನಿ, ಡೇಟಾ ಬೇರೆ ಮಾಡೋ ಡಬ್ಬಿ) ಮುಂಚೆ ಸೇರಿದೆ ಅಂತ. ಮೋಡೆಮ್‌ನ 192.168.1.1 ಪುಟದಲ್ಲಿ ಎಸ್‌ಎನ್‌ಆರ್ ಮಾರ್ಜಿನ್ (ಲೈನ್ ಗಲಾಟೆ ಮೀರಿ ಸಿಗ್ನಲ್‌ಗೆ ಉಳಿದಿರೋ ಅಂತರ) 10 ಡಿಬಿ ಮೇಲಿದ್ರೆ ಚಿಂತೆ ಇಲ್ಲ, 6ಕ್ಕಿಂತ ಕೆಳಗಿಳಿದ್ರೆ ತಂತಿಕಂಬ ಅವರ ಕಿವಿ ಪರೀಕ್ಷೆಗೇ ವಾಪಸ್.

#14 ಹೊಸಲೈನ್, ಹಾಸನ

ಎಲ್ಲರಿಗೂ ಧನ್ಯವಾದ, ಲೆಕ್ಕ ತಾಳೆ ಆಯ್ತು. ಕೊನೇದೊಂದು. ಎರಡು ಎಕ್ಸ್‌ಟರ್ನಲ್ ಮೋಡೆಮ್ ಸಿಕ್ಕಿವೆ. ಪ್ರದರ್ಶನದ ಹಾಲ್‌ನಲ್ಲಿ ಲ್ಯಾಂಡ್‌ಲೈನ್ ಇಲ್ಲ. ಓಡಿಸಿ ತೋರಿಸೋಕೆ ಆಗುತ್ತಾ?

#15 ತಂತಿಕಂಬ, ಸಕಲೇಶಪುರ

ಧಾರಾಳವಾಗಿ. ಎರಡರ ಲೈನ್ ಪಿನ್ನಿಗೂ ಒಂದೇ ಫೋನ್ ವೈರ್ ಚುಚ್ಚಿ. ಒಂದು ಕಡೆ ಎಟಿಎಕ್ಸ್3ಡಿ ಹೊಡೀರಿ. ಎಕ್ಸ್3 ಅಂದ್ರೆ ಡಯಲ್ ಟೋನ್‌ಗೆ ಕಾಯಬೇಡ ಅಂತ. ಕೂಡ್ಲೆ ಇನ್ನೊಂದು ಕಡೆ ಎಟಿಎ, ಅಂದ್ರೆ ಕರೆ ಎತ್ತು ಅಂತ. ಬಹಳಷ್ಟು ಮೋಡೆಮ್ ಇಷ್ಟಕ್ಕೇ ಒಪ್ಪುತ್ತವೆ. ಒಪ್ಪದಿದ್ರೆ ನಡುವಿನ ಎರಡು ತಂತಿಯಲ್ಲಿ ಒಂದನ್ನ ಕತ್ತರಿಸಿ, ಅದರ ಸಾಲಿನಲ್ಲಿ 9 ವೋಲ್ಟ್ ಬ್ಯಾಟರಿ ಮತ್ತು 300 ಓಮ್ ಆಸುಪಾಸಿನ ರೆಸಿಸ್ಟರ್ ಸೇರಿಸಿ. ಎರಡೂ ಕಡೆ ಅನಲಾಗ್ ಆಗಿರೋದ್ರಿಂದ 33.6ರ ಮೇಲೆ ಏರಲ್ಲ. ಸ್ಪೀಕರ್ ಆರಿಸಬೇಡಿ, ಎಟಿಎಂ1 ಇರಲಿ, ನೋಡೋಕೆ ಬರೋರು ಕೇಳಬೇಕಾದ್ದೇ ಆ ಸದ್ದು.

#16 ಆಲ್ದೂರಕ್ಕ, ಚಿಕ್ಕಮಗಳೂರು ತಾಲ್ಲೂಕು

ಒಂದು ಕಡೆ ಲಿನಕ್ಸ್, ಜೊತೆಗೆ ಕರೆ ಎತ್ತೋ ಎಂಗೆಟ್ಟಿ, ಇಂಟರ್ನೆಟ್ ಕೊಂಡಿ ಹಾಕೋ ಪಿಪಿಪಿಡಿ ಹಾಕಿ, ಅದೇ ನಿಮ್ಮ ಐಎಸ್‌ಪಿ (ಇಂಟರ್ನೆಟ್ ಕೊಡೋರು). ಅದರಲ್ಲಿ ಒಂದು ವೆಬ್ ಸರ್ವರ್. ಫೈಲ್ 1 ಎಂಬಿ ಸಾಕು, ಹಾಗಿದ್ರೂ ಹತ್ತಿರ ಹತ್ತಿರ ಐದು ನಿಮಿಷ ಹಿಡಿಯುತ್ತೆ, ಅದಕ್ಕಿಂತ ಹೆಚ್ಚು ಹೊತ್ತು ಯಾರೂ ನಿಲ್ಲಲ್ಲ. ಅದು ಜಿಪ್ ಮಾಡಿದ ಫೈಲೇ ಆಗಿರಲಿ. ಬರೀ ಪಠ್ಯ ಇಟ್ರೆ ಮೋಡೆಮ್ ಒಳಗಿನ ವಿ.42ಬಿಸ್ ಅದನ್ನ ಹಿಂಡಿ 8–10 ಕೆಬಿ ವೇಗ ತೋರಿಸಿಬಿಡುತ್ತೆ, ನಿಮ್ಮ ಫಲಕದ ಮೇಲಿನ ಲೆಕ್ಕವೇ ಸುಳ್ಳಾಗುತ್ತೆ. ಅರ್ಧ ಬಂದಾಗ ಬಂದೋರ ಕೈಯಲ್ಲೇ ಪಿನ್ ಕೀಳಿಸಿ. ಮತ್ತೆ ಡಯಲ್ ಮಾಡಿ ಒಂದು ಸಲ ಡಬ್ಲ್ಯೂಗೆಟ್‌ನ ಮೈನಸ್ ಸಿ ಇಲ್ಲದೆ, ಇನ್ನೊಂದು ಸಲ ಮೈನಸ್ ಸಿ ಹಾಕಿ ಶುರು ಮಾಡಿ ತೋರಿಸಿ.